ಹಡಗಿನ ಸಾವುಕಾರ

ರೋಣದಲ್ಲಿ ಹಡಗಿನ ಬಗ್ಗೆ ಯಾರಿಗೆ ಏನೇ ಸಂಶಯ ಬಂದರೂ ಬಸ್‌ಸ್ಟ್ಯಾಂಡಿನ ಹಿಂದಿರುವ ಗೊಬ್ಬರದ ಅಂಗಡಿಗೆ ಹೋಗಬೇಕು. ನಗಬೇಡಿ. ಬೇಸಗೆಯಲ್ಲಿ ಮಲಪ್ರಭೆಯ ನೀರೇ ಮೊಣಕಾಲು ಮುಟ್ಟದ ಸೀಮೆ ಇದು, ನಿಜ. ಆದರೆ ಹಡಗಿನ ಯಾವ ಮಾಳಿಗೆಯಲ್ಲಿ ಕೋಣೆ ಸಿಕ್ಕರೆ ಒಳ್ಳೆಯದು, ಊಟಕ್ಕೆ ಯಾವ ಬಾಗಿಲಿನಿಂದ ಹೊಕ್ಕರೆ ಸಾಲು ಕಡಿಮೆ, ಎಂಥ ಚಡ್ಡಿ ಹಾಕಿಕೊಂಡರೆ ಈಜುಗೊಳಕ್ಕೆ ಬಿಡುತ್ತಾರೆ ಎಂಬುದನ್ನೆಲ್ಲ ಯೂರಿಯಾ ಚೀಲಕ್ಕೆ ಬೆನ್ನು ಕೊಟ್ಟು ಕುಳಿತ ಶಶಿಕಾಂತ ಹೇಳುತ್ತಾನೆ. ನಾಲ್ಕು ಸಲ ಹಡಗು ಹತ್ತಿ ಬಂದವನು. ಊರು ಅವನಿಗೆ ಹಡಗಿನ ಸಾವುಕಾರ ಎಂದೇ ಹೆಸರಿಟ್ಟಿದೆ. ಹೊಳೆಆಲೂರಿನಿಂದ ನರಗುಂದದವರೆಗೆ ಅವನ ಗುರುತು ಅದೇ.

ಇದೆಲ್ಲ ಹೊಲಕ್ಕೆ ಹೊಡೆಯುವ ಎಣ್ಣೆಯ ಪುಣ್ಯ. ಕೀಟನಾಶಕದ ಕಂಪನಿಗಳು ಮೊದಮೊದಲು ಹೆಚ್ಚು ಮಾಲು ಎತ್ತಿದ ಅಂಗಡಿಯವರಿಗೆ ಗೋಡೆ ಗಡಿಯಾರ, ಕುಕ್ಕರು ಕೊಡುತ್ತಿದ್ದವು. ಆಮೇಲೆ ಬ್ಯಾಂಕಾಕಿಗೆ ಕರೆದೊಯ್ದವು. ಬ್ಯಾಂಕಾಕು ಎಂದರೆ ಮನೆಯ ಹೆಣ್ಣುಮಕ್ಕಳು ಮುಖ ಗಂಟು ಹಾಕುತ್ತಾರೆ ಎಂದು ಗೊತ್ತಾದ ಮೇಲೆ ಹಡಗು ಹುಡುಕಿದವು. ಮುಂಬೈಯಲ್ಲಿ ಹತ್ತುವುದು, ಗೋವಾ ನೋಡಿ ಲಕ್ಷದ್ವೀಪದ ಕಡೆ ಸುತ್ತು ಹೊಡೆದು ತಿರುಗಿ ಬರುವುದು. ಕಡಲೆಯ ಕೊಯ್ಲು ಮುಗಿದು ಅಂಗಡಿಯಲ್ಲಿ ನೊಣ ಹೊಡೆಯುವ ದಿನಗಳಲ್ಲಿ ಈ ಯಾತ್ರೆ ಹೊರಡುತ್ತದೆ.

ಹೊರಡುವ ಮುಂಚೆ ಹೊಸಬರೆಲ್ಲ ಶಶಿಕಾಂತನ ಅಂಗಡಿಗೆ ಬಂದು ಪಾಠ ಹೇಳಿಸಿಕೊಳ್ಳುವುದು ರೂಢಿ. ಈ ಸಲ ನರಗುಂದದ ಗ್ಯಾನಪ್ಪ ಬಂದಿದ್ದ. ಹೊಸದಾಗಿ ಅಂಗಡಿ ಹಾಕಿದವನು, ಹೇಳಿದ್ದನ್ನೆಲ್ಲ ನಂಬುವವನು.

“ಶಶಿಯಣ್ಣ, ಸಾಮಾನ ಹ್ಯಾಂಗ ಒಯ್ಬೇಕ್ರಿ?”

“ಒಂದ ಸಣ್ಣ ಚೀಲ ಕೈಯಾಗ ಇಟಗೋ. ಅದರಾಗ ಒಂದ ಜೋಡ ಬಟ್ಟಿ, ಗುಳಗಿ, ಚಾರ್ಜರ. ದೊಡ್ಡ ಬ್ಯಾಗ ಬಂದರದಾಗ ಇಸ್ಕೊಂಡಬಿಡ್ತಾರ. ಅದು ನಿನ್ನ ಖೋಲಿ ಮುಟ್ಟೂದು ಯಾವಾಗೋ. ಖೋಲಿ ಹಡಗದ ನಟ್ಟನಡುವ, ಕೆಳಗಿನ ಮಾಳಿಗ್ಯಾಗ ಕೇಳು. ಅಲ್ಲೆ ಹೊಯ್ದಾಟ ಕಡಿಮಿ. ಬಾಗಲಾ ಎಲ್ಲಾ ಒಂದ ನಮೂನಿ ಇರ್ತಾವ, ನಿನ್ನ ಬಾಗಲಕ್ಕ ಏನರ ಗುರ್ತ ಕಟ್ಟು.”

“ಫೋನು?”

“ಬಂದ್ ಇಡು. ಸಮುದ್ರದಾಗ ಫೋನ ಹಚ್ಚಿದ್ರ ಬಿಲ್ಲ ನೋಡಿ ಅಲ್ಲೇ ಹಾರ್ಕೋಬೇಕು. ಮತ್ತ ಹಡಗದಿಂದ ಕೆಳಗ ಏನೂ ಒಗಿಬ್ಯಾಡ. ಶೇಂಗಾದ ಸಿಪ್ಪಿನೂ ಒಗಿಬ್ಯಾಡ.”

“ಸಮುದ್ರದಾಗ ಜಳಕ ಮಾಡಾಕ ಬಿಡ್ತಾರೇನ್ರಿ?”

“ಯಾಕ ಬೇಕು ಅದು? ಮ್ಯಾಲೆ ಈಜುಗೊಳ ಐತಿ. ಅದರಾಗ ತುಂಬಿದ್ದು ಸಮುದ್ರದ ನೀರ. ಅದಕ್ಕಿಳದ್ರ ಸಮುದ್ರಕ್ಕ ಇಳದಂಗ.”

“ಹೊಟ್ಟಿ ತೊಳಸಿದ್ರ?”

ಶಶಿಕಾಂತ ಇಲ್ಲಿ ಯಾವಾಗಲೂ ಕನ್ನಡಕ ತೆಗೆದು ಒರೆಸಿಕೊಂಡು ಉತ್ತರ ಕೊಡುತ್ತಿದ್ದ. “ಹಸಿ ಶುಂಠಿ ಕಡಿ. ಹಸರ ಸೇಬು ತಿನ್ನು. ಮ್ಯಾಲೆ ಬಂದ ನಿಂತು ಆಕಾಶ ನೀರು ಕೂಡೂ ಗೆರಿ ಐತಲ್ಲ, ಅದನ್ನ ನೋಡ್ಕೋತ ನಿಲ್ಲು. ಹತ್ತ ಮಿನಿಟಿನಾಗ ಎಲ್ಲಾ ಆರಾಮ.”

ಸಲಹೆಗಳೆಲ್ಲ ಖರೆ. ಒಂದರಲ್ಲೂ ಸುಳ್ಳಿಲ್ಲ. ಆದರೆ ಒಂದೊಂದೂ ಎಲ್ಲಿಂದ ಬಂತು ಎಂಬುದನ್ನು ಮಾತ್ರ ಸಾವುಕಾರ ಹೇಳುತ್ತಿರಲಿಲ್ಲ. ಮೊದಲ ಸಲ ದೊಡ್ಡ ಬ್ಯಾಗು ಬಾರದೆ, ಬಸ್ಸಿನ ಬೆವರಿನ ಅಂಗಿಯಲ್ಲೇ ಕಪ್ತಾನನ ಸ್ವಾಗತ ಸಮಾರಂಭಕ್ಕೆ ಹೋದವನು ಇವನೇ. ಬಾಗಿಲು ತಪ್ಪಿ ಯಾರೋ ಸೂರತ್ತಿನ ನವದಂಪತಿಗಳ ಹಾಸಿಗೆಯ ಮೇಲೆ ಬೂಟು ಸಮೇತ ಮಲಗಿದ್ದವನೂ ಇವನೇ. ಮೇಲಿನ ಕಟಾಂಜನಕ್ಕೆ ಆತು ನಿಂತು ಎಲೆ ಅಡಿಕೆ ಉಗುಳಿದಾಗ ಗಾಳಿ ಅದನ್ನು ಮರ್ಯಾದೆಯಿಂದ ತಿರುಗಿ ತಂದು ಇವನ ಬಿಳಿ ಅಂಗಿಯ ಮೇಲೇ ಹಾಕಿತ್ತು. ಪಟ್ಟಾಪಟ್ಟಿ ಚಡ್ಡಿಯಲ್ಲಿ ಈಜುಗೊಳಕ್ಕೆ ಇಳಿಯಲು ಹೋಗಿ, ಇಂಗ್ಲಿಷಿನಲ್ಲಿ ಬೈಸಿಕೊಂಡು ಹೊರಬಿದ್ದದ್ದು ಇನ್ನೊಂದು ಕಥೆ. ಇವೆಲ್ಲ ಹಡಗು ಇನ್ನೂ ಬಂದರಿನಲ್ಲಿ ನಿಂತಿದ್ದಾಗಿನ ಸಾಹಸಗಳು. ಅವನ ಬುದ್ಧಿವಾದ ಎಂದರೆ ಅವನ ಫಜೀತಿಗಳನ್ನೇ ತೊಳೆದು ಒಣಗಿಸಿ ಇಟ್ಟದ್ದು.

ಇನ್ನು ಹೊಟ್ಟೆ ತೊಳಸುವ ವಿಷಯ. ಅದಂತೂ ಕೇಳಲೇಬೇಡಿ. ಹಡಗು ಬಂದರು ಬಿಟ್ಟು ಅರ್ಧ ತಾಸಾಗುವುದರೊಳಗೆ ಶಶಿಕಾಂತನ ಹೊಟ್ಟೆಯಲ್ಲಿ ಕಡಗೋಲು ಆಡತೊಡಗುತ್ತಿತ್ತು. ಅಲ್ಲಿಂದಾಚೆ ನಾಲ್ಕೂ ಸಲ ಅವನು ಕಂಡದ್ದು ಕಿಟಕಿಯಿಲ್ಲದ ಖೋಲಿ, ಬಚ್ಚಲಿನ ಬಿಳಿ ತೊಟ್ಟಿ ಮತ್ತು ಹಡಗಿನ ದವಾಖಾನೆಯ ಸೂರು. ಖೋಲಿಯಲ್ಲಿ ಜೊತೆಗಿರುತ್ತಿದ್ದವನು ಗಜೇಂದ್ರಗಡದ ಬೀಜದ ವ್ಯಾಪಾರಿ ಜಮಾಲಸಾಬ. ಅವನು ಇಡೀ ಹಡಗು ತಿರುಗಿ, ಸಂಜೆ ಬಂದು ಹಾಸಿಗೆಯ ಅಂಚಿಗೆ ಕುಳಿತು, ಇಂದು ಮೀನು ಹಾರಿದವು, ಇಂದು ಡಾಲ್ಫಿನ್ ಬಂದವು, ಸೂರ್ಯ ಹೀಗೆ ಮುಳುಗಿದ ಎಂದು ಹೇಳುತ್ತಿದ್ದ. ಶಶಿಕಾಂತ ಬುಟ್ಟಿ ಹಿಡಿದುಕೊಂಡು ಹೂಂಗುಟ್ಟುತ್ತಿದ್ದ. ಊರಿಗೆ ಬಂದ ಮೇಲೆ ಅದೇ ಮೀನು ಶಶಿಕಾಂತನ ಕಣ್ಣೆದುರೇ ಹಾರುತ್ತಿತ್ತು. ಡಾಲ್ಫಿನ್ನುಗಳಂತೂ ಅವನನ್ನು ಹೆಸರು ಹಿಡಿದು ಕರೆಯುವುದೊಂದೇ ಬಾಕಿ.

ಆ ಕಥೆಗಳನ್ನು ಅವನು ಎಲ್ಲರಿಗಿಂತ ಹೆಚ್ಚು ಹೇಳಿದ್ದು ಹೆಂಡತಿ ನಿರ್ಮಲಾಳಿಗೆ. ಕಾರಣವಿತ್ತು. ನಿರ್ಮಲಾ ಎಲ್ಲದರಲ್ಲೂ ಅವನಿಗಿಂತ ಒಂದು ಕೈ ಮೇಲು. ಬೀಜದ ಪಾಕೀಟು ನಕಲಿಯೋ ಅಸಲಿಯೋ ಎಂದು ಮೂಸಿ ಹೇಳುತ್ತಾಳೆ. ಸವಡಿಯ ಹೊಲಕ್ಕೆ ತಾನೇ ಸ್ಕೂಟರ್ ಹೊಡೆದುಕೊಂಡು ಹೋಗಿ ಆಳುಗಳಿಂದ ಕೆಲಸ ತೆಗೆಯುತ್ತಾಳೆ. ಗಿರಾಕಿಗಳು ಅಂಗಡಿಗೆ ಬಂದರೆ ಮೊದಲು ಕೇಳುವುದು, “ಅಕ್ಕಾರ ಇಲ್ಲೇನ್ರಿ?” ಎಂದೇ. ಇಂಥ ಹೆಂಡತಿಯ ಮುಂದೆ ಶಶಿಕಾಂತನಿಗೆ ತನ್ನದು ಎಂದು ಉಳಿದಿದ್ದ ದೊಡ್ಡಸ್ತಿಕೆ ಹಡಗೊಂದೇ. ಅವಳು ರೊಟ್ಟಿ ಬಡಿಯುತ್ತ, ಕಣ್ಣರಳಿಸಿ, “ಅಯ್ಯ, ಹೌದ? ಮುಂದ?” ಎಂದರೆ ಅವನಿಗೆ ತಾನೇ ಹಡಗು ನಡೆಸಿದಷ್ಟು ಹಿಗ್ಗು.

ಈ ವರ್ಷ ಕಂಪನಿಯವರು ಆ ಹಿಗ್ಗಿನ ಬುಡಕ್ಕೇ ಕೊಡಲಿ ಹಾಕಿದರು. ಈ ಸಲ ಹೆಂಡತಿಯರನ್ನೂ ಕರೆದುಕೊಂಡು ಬರಬೇಕು ಎಂದರು.

“ನಾಕ ಸಲ ಕೇಳೇನಿ,” ಎಂದಳು ನಿರ್ಮಲಾ. “ಈಗ ನೋಡ್ತೇನಿ.”

“ಭಾಳ ದಣುವಾಗತೈತಿ ನಿರ್ಮಲಾ. ಅಲ್ಲೆ ನಮ್ಮಂಥಾ ಊಟಾ ಸಿಗೂದಿಲ್ಲ.”

“ಅಲ್ರೀ, ಹೋಳಗಿ ಸೈತ ಇರತೈತಿ ಅಂತ ನೀವ ಹೇಳಿದ್ರಲ್ಲ?”

ಮರುದಿನವೇ ಶಶಿಕಾಂತ ಬಸ್ಸು ಹಿಡಿದು ಗಜೇಂದ್ರಗಡಕ್ಕೆ ಹೋಗಿ ಜಮಾಲಸಾಬನ ಮುಂದೆ ಕುಳಿತ. ಜಮಾಲಸಾಬನಿಗೆ ನಗು ತಡೆಯಲಾಗಲಿಲ್ಲ.

“ಹೋಗ್ಲಿ ಬಿಡ್ರಿ ಶಶಿಯಣ್ಣ, ಖರೇ ಹೇಳಿಬಿಡ್ರಿ ಅಕ್ಕಗ. ನುಂಗಿಬಿಡ್ತಾರೇನು?”

“ನುಂಗಿದ್ರ ಚಲೋ ಆಗ್ತಿತ್ತೋ ದೋಸ್ತ. ನಗ್ತಾಳ. ಆಕಿ ನಕ್ಕಳಂದ್ರ ಮುಗೀತು, ಮನ್ಯಾಗ ನಂದೇನೂ ಉಳಿಯೂದಿಲ್ಲ. ಐದ ದಿನಾ ಹ್ಯಾಂಗರ ಸಂಭಾಳಸು.”

ಜಮಾಲಸಾಬ ಒಳ್ಳೆಯವನು. ಸಂಭಾಳಿಸುತ್ತೇನೆ ಎಂದು ಮಾತು ಕೊಟ್ಟ. ನಾಲ್ಕು ವರ್ಷ ಕಣ್ಣಾಗಿದ್ದವನು ಈಗ ಗೋಡೆಯಾಗಲು ಒಪ್ಪಿದ.

ಮುಂಬೈಯ ಬಂದರಿನಲ್ಲಿ ನಿರ್ಮಲಾ ಮೊದಲ ಸಲ ಹಡಗು ನೋಡಿದಳು. ಎಂಟು ಹತ್ತು ಅಂತಸ್ತಿನ ಬಿಳಿಯ ಕಟ್ಟಡ ನೀರಿನ ಮೇಲೆ ನಿಂತದ್ದನ್ನು ಕಂಡು ಬೆರಗಾಗುತ್ತಾಳೆ, ತನ್ನ ತೋಳು ಹಿಡಿಯುತ್ತಾಳೆ ಎಂದು ಶಶಿಕಾಂತ ಕಾದ. ಅವಳು ಸೆರಗು ಸಿಕ್ಕಿಸಿಕೊಂಡು, “ನಡೀರಿ, ಪಾಳಿ ಬೆಳ್ಯಾಕತ್ತೈತಿ,” ಎಂದು ಮುಂದೆ ನಡೆದಳು. ಯಂತ್ರದಲ್ಲಿ ಚೀಲ ಹಾಯಿಸಿದಾಗ ಒಂದೇ ಅಡಚಣೆಯಾಯಿತು. ಅವಳ ಚೀಲದಲ್ಲಿದ್ದ ತೆಂಗಿನಕಾಯಿಯನ್ನು ಅಲ್ಲಿಯವರು ತೆಗೆದಿಟ್ಟುಕೊಂಡರು.

“ಕಾಯಿ ಯಾಕ ತಂದಿ?” ಎಂದ ಶಶಿಕಾಂತ.

“ಗಂಗವ್ವನ ಉಡಿ ತುಂಬೂದ ಬ್ಯಾಡೇನು? ಹೊಳೆಆಲೂರಾಗ ನಮ್ಮವ್ವ ಹೊಳಿ ದಾಟೂಮುಂದ ಉಡಿ ತುಂಬದ ಒಂದ ದಿನಾನೂ ದಾಟಿಲ್ಲ. ಇದು ಸಮುದ್ರ. ಹಂಗ ಹೋಗಬೇಕೇನು?”

ಹಡಗಿನಲ್ಲಿ ಉಡಿ ತುಂಬಬೇಡ ಎಂದು ಎಚ್ಚರಿಸಬೇಕು ಎಂಬುದು ಅವನಿಗೆ ಹೊಳೆಯಲಿಲ್ಲ. ಬುದ್ಧಿವಾದ ಹೇಳುವವನಿಗೆ ಅಂಥ ಹೊತ್ತಿನಲ್ಲಿ ತನ್ನ ಹೊಟ್ಟೆಯದೇ ಚಿಂತೆ. ಹಡಗಿಗೆ ಕಾಲಿಡುವ ಮೊದಲೇ ಎರಡು ಗುಳಿಗೆ ನುಂಗಿ, ಖೋಲಿಗೆ ಹೋದವನೇ, “ಬಸ್ಸಿನ ದಣುವು,” ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಜಮಾಲಸಾಬನ ಹೆಂಡತಿ ಕಮರುನ್ನಿಸಾ ಬಂದು ನಿರ್ಮಲಾಳನ್ನು ಕರೆದುಕೊಂಡು ಹೋದಳು. ಪಕ್ಕದ ಖೋಲಿಯ ಗ್ಯಾನಪ್ಪ ಗುರುತಿಗೆಂದು ತನ್ನ ಬಾಗಿಲಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿದ್ದ. ಅವು ಹಡಗಿನ ಓಲಾಟಕ್ಕೆ ಬಾಗಿಲನ್ನು ಟಕ್ ಟಕ್ ಎಂದು ಬಡಿಯುತ್ತಿದ್ದವು. ಶಶಿಕಾಂತ ನಿದ್ದೆ ಹತ್ತುವವರೆಗೂ ಆ ಸದ್ದಿಗೆ ಹಲ್ಲು ಕಚ್ಚಿಕೊಂಡು ಬಿದ್ದಿದ್ದ.

ಬೆಳಿಗ್ಗೆ ನಿರ್ಮಲಾ ಜಳಕಕ್ಕೆ ಹೋದದ್ದೇ ತಡ, “ಕಂಪನಿ ಮೀಟಿಂಗ ಐತಿ, ಸಂಜಿತನಾ ನಡಿತೈತಿ,” ಎಂದು ಬಾಗಿಲ ಹೊರಗಿನಿಂದ ಕೂಗಿ, ಗೋಡೆ ಹಿಡಿದುಕೊಂಡು ನೆಟ್ಟಗೆ ದವಾಖಾನೆಗೆ ಹೋದ. ಅಲ್ಲಿದ್ದ ಮಂಗಳೂರಿನ ನರ್ಸಬಾಯಿ ಅವನನ್ನು ಕಂಡು ಮುಖವರಳಿಸಿದಳು.

“ಬಂದಿರಾ? ಈ ಸಲ ಇನ್ನೂ ಕಾಣಲಿಲ್ಲವಲ್ಲ ಅಂತ ಈಗಷ್ಟೇ ನೆನಪು ಮಾಡಿಕೊಂಡೆ ಮಾರಾಯ್ರೆ. ಬನ್ನಿ, ನಿಮ್ಮ ಹಾಸಿಗೆ ಖಾಲಿ ಇಟ್ಟಿದ್ದೇನೆ.”

ಇಡೀ ಹಡಗಿನಲ್ಲಿ ಅವನ ಗುರುತು ಹಿಡಿಯುವ ಜೀವ ಇದೊಂದೇ. ಅಡುಗೆಯವರಿಗೆ ಅವನು ಗೊತ್ತಿಲ್ಲ, ಆಟಪಾಠದವರಿಗೆ ಗೊತ್ತಿಲ್ಲ. ನಾಲ್ಕು ಸಲ ಬಂದು ಅವನು ಸಂಪಾದಿಸಿದ ಸ್ನೇಹ ಸೂಜಿ ಚುಚ್ಚುವವಳದು. ಎಂಥಾ ಪ್ರವಾಸಿ ನಾನು ಎಂದುಕೊಂಡು ಶಶಿಕಾಂತ ತೋಳು ಮುಂದೆ ಮಾಡಿದ.

ಮಧ್ಯಾಹ್ನದ ಊಟದ ಹೊತ್ತು ಕಳೆದಿತ್ತು. ಜಮಾಲಸಾಬ ದವಾಖಾನೆಯ ಬಾಗಿಲು ದೂಡಿಕೊಂಡು ಓಡಿ ಬಂದ. ಅವನ ಗಡ್ಡದ ತುದಿ ಹಳದಿಯಾಗಿತ್ತು.

“ಯಾ ಅಲ್ಲಾ, ಶಶಿಯಣ್ಣ, ಏಳ್ರಿ! ಮ್ಯಾಲೆ ಓಕಳಿ ನಡದೈತಿ!”

“ಏನ ನಡದೈತಿ?”

“ಓಕಳಿ ರೀ, ಓಕಳಿ! ನಿರ್ಮಲಕ್ಕನ್ನ ಹಿಡದ ನಿಲ್ಲಿಸ್ಯಾರ!”

ಎಂದಿನಂತೆ ಹಡಗಿನ ಮೇಲಿನ ಈ ಕಥೆಯನ್ನೂ ಶಶಿಕಾಂತ ಜಮಾಲಸಾಬನ ಬಾಯಿಂದಲೇ ಕೇಳಬೇಕಾಯಿತು. ಆದದ್ದು ಇಷ್ಟು. ನಿರ್ಮಲಾ ಉಡಿ ತುಂಬಲು ಸಜ್ಜಾದಳು. ಕಟಾಂಜನದಿಂದ ಸಮುದ್ರಕ್ಕೆ ಬಿಡೋಣವೆಂದರೆ ಹಡಗಿನಿಂದ ಏನೂ ಒಗೆಯಬಾರದು ಎಂದು ಗಂಡ ಅಂಗಡಿಯಲ್ಲಿ ಎಲ್ಲರಿಗೂ ಹೇಳುವ ಕಟ್ಟಪ್ಪಣೆ ನೆನಪಾಯಿತು. ಗಂಡನ ಇನ್ನೊಂದು ಮಾತೂ ನೆನಪಾಯಿತು. ಈಜುಗೊಳದ ನೀರು ಸಮುದ್ರದ್ದೇ, ಅದಕ್ಕೆ ಇಳಿದರೆ ಸಮುದ್ರಕ್ಕೆ ಇಳಿದ ಹಾಗೆ. ಸರಿ, ಅಲ್ಲೇ ದಂಡೆಗೆ ಕುಳಿತಳು. ತಾಟು ಹಿಡಿಯಲು ಕಮರುನ್ನಿಸಾ ಕೈ ಕೊಟ್ಟಳು. ಕಾಯಿಯ ಬದಲು ಊಟದ ಮೇಜಿನ ಕಿತ್ತಳೆ ಹಣ್ಣು, ಹಸಿರು ಕುಪ್ಪಸದ ಕಣ, ಎಲೆ ಅಡಿಕೆ. ಎಲ್ಲ ಸಾಂಗವಾಗಿ ನಡೆಯುತ್ತಿದ್ದಾಗ ಹಡಗು ಒಂದು ಸಲ ಮಗ್ಗುಲು ಬದಲಿಸಿತು. ರೋಣದ ಸಂತೆಯಿಂದ ತಂದ ದೊಡ್ಡ ಅರಿಶಿನದ ಪಾಕೀಟು, ಅದರ ಹಿಂದೆಯೇ ಕುಂಕುಮದ ಪಾಕೀಟು, ಎರಡೂ ಬಾಯಿ ತೆರೆದುಕೊಂಡು ನೀರಿಗೆ ಬಿದ್ದವು.

ಅದಾದರೂ ಆಗಲಿ, ಸಣ್ಣ ತಪ್ಪು. ಆದರೆ ಆ ಹೊತ್ತಿಗೆ ಊಟ ಮುಗಿಸಿ ಮೇಲೆ ಬಂದ ನಮ್ಮ ಡೀಲರ ಮಂಡಳಿ ಏನು ಮಾಡಿತು ಅನ್ನುತ್ತೀರಿ? ಹೊಂಡದ ತುಂಬ ಕೆಂಪು ಹಳದಿ ನೀರು, ದಂಡೆಗೆ ತಾಟು ಹಿಡಿದ ಮುತ್ತೈದೆ. ನಮ್ಮ ಕಡೆಯ ಮಂದಿಗೆ ಊರ ಜಾತ್ರೆಯ ಓಕಳಿ ಹೊಂಡವಲ್ಲದೆ ಬೇರೆ ಏನು ತೋರಬೇಕು? “ಏ, ಕಂಪನ್ಯಾರು ಓಕಳಿ ಇಟ್ಟಾರಲೇ!” ಎಂದು ಒಂದು ಕೂಗು ಹಾಕಿ ಎಲ್ಲರಿಗಿಂತ ಮೊದಲು ಹಾರಿದವನು ಗ್ಯಾನಪ್ಪ. ಅವನ ಹಿಂದೆ ಬಾಗಲಕೋಟೆಯವರು, ಕೊಪ್ಪಳದವರು, ಹುಬ್ಬಳ್ಳಿಯವರು. ಅಂಗಿ ಬಿಚ್ಚಿದವರೆಷ್ಟೋ, ಬಿಚ್ಚದವರೆಷ್ಟೋ. ಕೈಗೆ ಸಿಕ್ಕ ಐಸ್‌ಕ್ರೀಮಿನ ಬಟ್ಟಲಿನಿಂದ ಒಬ್ಬರ ಮೇಲೊಬ್ಬರು ನೀರು ಗೊಜ್ಜಿದರು. ಆರಾಮ ಕುರ್ಚಿಯಲ್ಲಿ ಮಲಗಿದ್ದ ಗುಜರಾತಿನ ಇಬ್ಬರು ಮುದುಕರಿಗೂ ಪ್ರಸಾದ ಮುಟ್ಟಿತು.

“ಈಗ ಬಿಳಿ ಡ್ರೆಸ್ಸಿನ ಸಾಹೇಬ ಬಂದು ಶೀಟಿ ಊದಾಕತ್ತಾನ,” ಎಂದ ಜಮಾಲಸಾಬ. “ಇದನ್ನ ಮಾಡ್ದವರನ್ನ ಮುಂದಿನ ಬಂದರದಾಗ ಇಳಸ್ತೇನಿ ಅನ್ನಾಕತ್ತಾನ. ಇನ್ನ ಮುಂದ ಹಡಗ ಹತ್ತಾಕನೂ ಬಿಡೂದಿಲ್ಲಂತ!”

ಇನ್ನು ಮುಂದೆ ಹಡಗು ಹತ್ತಲು ಬಿಡುವುದಿಲ್ಲ! ಶಶಿಕಾಂತನ ಕಿವಿಗೆ ಆ ಮಾತು ವರದ ಹಾಗೆ ಕೇಳಿಸಿತು. ಒಂದು ಕ್ಷಣ ಮಾತ್ರ. ಮರುಕ್ಷಣ ಅಷ್ಟು ಜನರ ನಡುವೆ ತಾಟು ಹಿಡಿದು ನಿಂತ ನಿರ್ಮಲಾ ಕಣ್ಣಿಗೆ ಕಟ್ಟಿದಳು. ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವಳಲ್ಲ ಅವಳು. ಹೊಟ್ಟೆ, ತಲೆ, ಸೂಜಿ, ಗುಳಿಗೆ ಎಲ್ಲ ಮರೆತು ಶಶಿಕಾಂತ ಎದ್ದ. ಚಪ್ಪಲಿ ಮೆಟ್ಟಿಕೊಳ್ಳದೆ ಮೆಟ್ಟಿಲು ಹತ್ತಿದ.

ಮೇಲೆ ಹೋದರೆ ಜಮಾಲಸಾಬ ಕಡಿಮೆಯೇ ಹೇಳಿದ್ದ. ಈಜುಗೊಳದಲ್ಲಿ ಹಳದಿ ತಲೆಗಳು ತಪ್ಪು ಮಾಡಿದ ಮಕ್ಕಳಂತೆ ಸಾಲಾಗಿ ನಿಂತಿದ್ದವು. ಕಿತ್ತಳೆ ಹಣ್ಣು ಅವರ ನಡುವೆ ತೇಲುತ್ತಿತ್ತು. ಬಿಳಿ ಡ್ರೆಸ್ಸಿನ ಅಧಿಕಾರಿ ಹಿಂದಿಯಲ್ಲಿ ಕೂಗಾಡುತ್ತಿದ್ದ. ಕಂಪನಿಯ ಮ್ಯಾನೇಜರ ಕೈಮುಗಿಯುತ್ತಿದ್ದ. ನಿರ್ಮಲಾ ತಲೆ ಎತ್ತಿಯೇ ನಿಂತಿದ್ದಳು, ಆದರೆ ತಾಟನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡಿದ್ದಳು. ಅದನ್ನು ನೋಡಿದ ಶಶಿಕಾಂತ ಮಂದಿಯನ್ನು ತಳ್ಳಿಕೊಂಡು ಮುಂದೆ ಬಂದ.

“ನಾ ಮಾಡೇನ್ರಿ!” ಎಂದು ಕೂಗಿದ. ಆಮೇಲೆ ಹಿಂದಿಯಲ್ಲಿಯೂ ಕೂಗಿದ. “ಮೈನೇ ಕಿಯಾ ಸಾಬ!”

“ಏನ ಹೇಳಾಕತ್ತೀರಿ?” ಎಂದಳು ನಿರ್ಮಲಾ.

“ನೀ ಸುಮ್ನಿರು. ಬಣ್ಣಾ ಹಾಕಿದಾಂವ ನಾನರಿ. ಆಕಿ ಬರೇ ನೋಡ್ಕೋತ ನಿಂತಿದ್ಲು. ಇಳಸೂದಿದ್ರ ನನ್ನ ಇಳಸ್ರಿ.”

ಅಧಿಕಾರಿ ಅವನ ಕಡೆ ತಿರುಗಿದ. ಶಶಿಕಾಂತ ಎದೆ ಉಬ್ಬಿಸಿದ. ಬದುಕಿನಲ್ಲಿ ಮೊದಲ ಸಲ ಹಡಗಿನ ಮೇಲೆ ಒಂದು ಗಂಡಸಿನ ಕೆಲಸ ಮಾಡಿದ್ದ. ಆದರೆ ಅವನ ಹಣೆಬರಹ ನೋಡಿ. ಅದೇ ಹೊತ್ತಿಗೆ ಮಂಗಳೂರಿನ ನರ್ಸಬಾಯಿ ಅವನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು.

“ಇವರಾ? ಇವರೆಲ್ಲಿ ಮಾಡಿಯಾರು?” ಎಂದಳು. ಅವಳದು ಒಳ್ಳೆಯ ಮನಸ್ಸು, ಒಬ್ಬ ರೋಗಿಯ ಮೇಲೆ ಸುಳ್ಳು ಅಪವಾದ ಬರಬಾರದು ಎಂಬ ಕಾಳಜಿ. “ಇವರು ಬೆಳಿಗ್ಗೆಯಿಂದ ನನ್ನ ಹತ್ತಿರ ಮಲಗಿದ್ದಾರೆ ಮಾರಾಯ್ರೆ. ಇವತ್ತು ಅಂತ ಅಲ್ಲ, ನಾಲ್ಕು ವರ್ಷದಿಂದ ಬಂದಾಗೆಲ್ಲ ಮಲಗಿದ್ದೇ ನನ್ನ ಹತ್ತಿರ. ಪಾಪ, ಈ ಮೇಲಿನ ಡೆಕ್ಕನ್ನು ಇವರು ಕಣ್ಣಲ್ಲಿ ಕಂಡದ್ದು ಇವತ್ತೇ ಇರಬೇಕು.”

ಇಷ್ಟನ್ನು ಅವಳು ಅಧಿಕಾರಿಗೆ ಹಿಂದಿಯಲ್ಲಿಯೂ ಬಿಡಿಸಿ ಹೇಳಿದಳು. ಕನ್ನಡ ತಿಳಿಯದ ಗುಜರಾತಿನ ಮುದುಕರಿಗೂ ವಿಷಯ ಗೊತ್ತಾಗದೆ ಉಳಿಯಲಿಲ್ಲ.

ಎದೆಮಟ ಹಳದಿ ನೀರಿನಲ್ಲಿ ನಿಂತಿದ್ದ ಗ್ಯಾನಪ್ಪ ಮೊದಲು ಬಾಯಿ ತೆರೆದ. “ಹಂಗಾರ ಶಶಿಯಣ್ಣ, ಆ ಡಾಲ್ಫಿನ್ನು?”

ಜಮಾಲಸಾಬ ಆಕಾಶ ನೋಡಿದ. ನೀರಿನಲ್ಲಿ ಒಬ್ಬ ಕಿಸಕ್ಕೆಂದ, ಇನ್ನೊಬ್ಬನಿಗೆ ತಡೆಯಲಿಲ್ಲ, ಆಮೇಲೆ ಈಜುಗೊಳವೇ ನಗತೊಡಗಿತು. ಶಶಿಕಾಂತ ನೆಲ ನೋಡುತ್ತ ನಿಂತ. ಸತ್ತರೂ ಸರಿ, ನಿರ್ಮಲಾಳ ಮುಖ ಮಾತ್ರ ನೋಡಬಾರದು ಎಂದುಕೊಂಡ. ಅವಳ ನಗುವಿನ ಸದ್ದು ಈಗ ಬಂತು, ಇನ್ನೇನು ಬಂತು ಎಂದು ಕಾದ. ಬರಲಿಲ್ಲ.

ಬಂದದ್ದು ಅವಳ ದನಿ. “ನಗೂದ ಸಾಕ ಮಾಡ್ರಿ,” ಎಂದಳು, ಅಂಗಡಿಯಲ್ಲಿ ಗಲಾಟೆ ಮಾಡುವ ಗಿರಾಕಿಗಳಿಗೆ ಹೇಳುವಂತೆ. ಆಮೇಲೆ ಅಧಿಕಾರಿಯ ಕಡೆ ತಿರುಗಿ, “ಬಣ್ಣಾ ಬೀಳಿಸಿದಾಕಿ ನಾನ ರೀ ಸಾಹೇಬ್ರ. ಬೇಕಂತ ಮಾಡಿಲ್ಲ. ಇಳಸ್ರಿ,” ಎಂದಳು.

“ತಾಟ ಹಿಡದಾಕಿ ನಾನು,” ಎಂದಳು ಕಮರುನ್ನಿಸಾ ಪಕ್ಕಕ್ಕೆ ಬಂದು ನಿಂತು. “ನನ್ನೂ ಇಳಸ್ರಿ. ನಮ್ಮ ಮನಿಯವರನ್ನೂ ಇಳಸ್ರಿ, ಅವರ ಗಡ್ಡಕ್ಕೂ ಬಣ್ಣ ಹತ್ತೇತಿ.”

ಉಳಿದ ಡೀಲರರ ಹೆಂಡಿರೂ ಒಬ್ಬೊಬ್ಬರಾಗಿ ಬಂದು ನಿಂತರು. ಇಷ್ಟು ಅಂಗಡಿಗಳ ವ್ಯಾಪಾರ ಒಂದೇ ಬಂದರಿನಲ್ಲಿ ಇಳಿದುಹೋದರೆ ತನ್ನ ನೌಕರಿಯ ಗತಿ ಏನು ಎಂದು ಮ್ಯಾನೇಜರನಿಗೆ ದಿಗಿಲಾಗಿ, ಅಧಿಕಾರಿಯನ್ನು ಬದಿಗೆ ಕರೆದೊಯ್ದು ಏನೇನೋ ಹೇಳಿದ. ಕೊನೆಗೆ ಈಜುಗೊಳಕ್ಕೆ ಹಗ್ಗ ಕಟ್ಟಿ, ನೀರು ಬದಲಿಸಲು ಹೇಳಿ, ಡೀಲರ ಮಂಡಳಿಯನ್ನು ಮೈ ತೊಳೆದುಕೊಳ್ಳಲು ಅಟ್ಟಿ, ಅಧಿಕಾರಿ ಹೊರಟುಹೋದ. ಹೋಗುವಾಗ ಅವನ ಮೀಸೆಯ ಅಂಚಿನಲ್ಲೂ ನಗು ಇತ್ತು.

ಶಶಿಕಾಂತನಿಗೆ ಕೆಳಗೆ ಇಳಿಯುವಷ್ಟು ಧೈರ್ಯವೂ ಉಳಿದಿರಲಿಲ್ಲ, ಶಕ್ತಿಯೂ ಇರಲಿಲ್ಲ. ಕಟಾಂಜನದ ಪಕ್ಕದ ಕುರ್ಚಿಯಲ್ಲಿ ಕುಸಿದು ಕುಳಿತ. ನಿರ್ಮಲಾ ಅವನ ಚಪ್ಪಲಿಗಳನ್ನು ತಂದು ಕಾಲ ಬಳಿ ಇಟ್ಟು, ಇನ್ನೊಂದು ಕುರ್ಚಿ ಎಳೆದುಕೊಂಡಳು. ಎದುರಿಗೆ ನೀರೇ ನೀರು. ಅವಳನ್ನು ನೋಡಲಾಗದೆ ಅವನು ದೂರದ ಗೆರೆ ನೋಡುತ್ತ ಕುಳಿತ. ಸ್ವಲ್ಪ ಹೊತ್ತಿಗೆ ಒಂದು ವಿಚಿತ್ರ ಗಮನಕ್ಕೆ ಬಂತು. ಹೊಟ್ಟೆ ತೊಳಸುವುದು ನಿಂತಿತ್ತು. ನೂರಾರು ಜನರಿಗೆ ಹೇಳಿದ ಮದ್ದು, ಹೊಟ್ಟೆ ತೊಳಸುವಾಗ ತಾನೊಮ್ಮೆಯೂ ಮೇಲೆ ಹತ್ತಿ ಬಂದು ನೋಡಿರಲಿಲ್ಲ. ಎಂಥಾ ಕತ್ತೆ ನಾನು ಎಂದುಕೊಂಡ.

“ನಗಬೇಕಂದ್ರ ನಗು,” ಎಂದ ಕೊನೆಗೆ. “ಎಲ್ಲಾರೂ ನಕ್ಕಾತು.”

“ನಗಾಕ ಏನೈತಿ? ನನಗ ಮದಲ್ನೇ ಸಲಾನ ಗೊತ್ತಾಗಿತ್ತು.”

ಶಶಿಕಾಂತ ತಿರುಗಿ ನೋಡಿದ.

“ನಿಮ್ಮ ಬ್ಯಾಗ ಬಿಚ್ಚಾಕಿ ಯಾರು? ನಾ ಇಸ್ತ್ರಿ ಮಾಡಿ ಮಡಚಿ ಇಟ್ಟ ಅಂಗಿ, ಗೆರಿ ಮುರೀದಂಗ ಹಂಗ ತಿರಗಿ ಬರ್ತಿದ್ವು. ಮೈಮ್ಯಾಲಿನ ಅಂಗಿ ಬಿಟ್ರ ಮಾಸಿದ್ದು ಲುಂಗಿ ಒಂದ. ಅದರ ವಾಸನಿ ನಾ ಹೇಳೂದಿಲ್ಲ. ಲುಂಗಿ ಉಟಗೊಂಡು ಕಪ್ತಾನನ ಕೂಡ ಊಟಕ್ಕ ಕುಂತಿದ್ರೇನು?”

“ಗೊತ್ತಿದ್ದ ಮ್ಯಾಲೆ ಯಾಕ ಕೇಳ್ಕೋತ ಕುಂತಿ? ಹೌದ, ಮುಂದ, ಅಂತಿದ್ದಿಯಲ್ಲ?”

ನಿರ್ಮಲಾ ಬೆರಳ ಸಂದಿಯ ಅರಿಶಿನವನ್ನು ಉಜ್ಜಿಕೊಳ್ಳುತ್ತಿದ್ದಳು.

“ಹಡಗದಿಂದ ಬಂದಾಗಷ್ಟ ನೀವು ನನ್ನ ಮುಂದ ಕುಂತ ಮಾತಾಡತಿದ್ರಿ. ಉಳದದ್ದೆಲ್ಲಾ, ಲಾರಿ ಬಂತೇನು, ಚಾವಿ ಎಲ್ಲೈತಿ, ಉಣ್ಣಾಕ ಹಾಕು. ಅಷ್ಟ. ಸುಳ್ಳಾದ್ರ ಸುಳ್ಳ, ಎಂಟ ದಿನಾ ಮಾತಾಡ್ತಾರಲ್ಲ ಅಂತ ಕೇಳಿದೆ. ಇನ್ನೊಂದ ಡಾಲ್ಫಿನ್ ಬರ್ಲಿ, ಇನ್ನೊಂದ ಸ್ವಲ್ಪ ಹೊತ್ತ ಕುಂದರ್ತಾರ ಅಂತಿದ್ದೆ.”

ಅಷ್ಟು ಜನರ ನಗು ಕೇಳಿದಾಗ ಆಗದ ನಾಚಿಕೆ ಈಗ ಆಯಿತು. ಮಾನ ಹೋಗುತ್ತದೆ ಎಂದು ಗಜೇಂದ್ರಗಡಕ್ಕೆ ಬಸ್ಸು ಹಿಡಿದು ಓಡಿದ್ದ ಮನುಷ್ಯ ತಾನು. ಕಾಯಬೇಕಾಗಿದ್ದದ್ದು ಯಾವುದು, ತಾನು ಕಾದದ್ದು ಯಾವುದು ಎಂದು ಈಗ ಯೋಚಿಸಿದ. ಜಮಾಲಸಾಬ ಕೊಟ್ಟ ಕಥೆಗಳ ಮಾಲು ಎಲ್ಲ ಖಾಲಿಯಾಗಿತ್ತು.

“ನಿರ್ಮಲಾ,” ಎಂದ, “ನಿನ್ನಿಯಿಂದ ನೀ ಏನೇನ ನೋಡಿದಿ?”

ಅವಳು ಅವನನ್ನು ನಕಲಿ ಬೀಜದ ಪಾಕೀಟು ನೋಡುವ ಹಾಗೆ ನೋಡಿದಳು. ಮದುವೆಯಾದಾಗಿನಿಂದ ಆ ಮನುಷ್ಯ ಅವಳಿಗೆ ಕೇಳಿದ ಪ್ರಶ್ನೆಗಳಲ್ಲಿ ಇಂಥದ್ದು ಇರಲಿಲ್ಲ.

“ಖರೇನ ಕೇಳಾಕತ್ತೀರೇನು?”

“ಖರೇನ.”

ನಿರ್ಮಲಾ ಎರಡೂ ಕಾಲು ಮೇಲೆ ತೆಗೆದುಕೊಂಡು, ಸೀರೆ ಸರಿಮಾಡಿಕೊಂಡು, ಕುರ್ಚಿಯಲ್ಲಿ ಭದ್ರವಾಗಿ ಕುಳಿತಳು.

“ಭಾಳ ಐತಿ,” ಎಂದಳು. “ನಡುವ ಎದ್ದ ಹೋಗಂಗಿಲ್ಲ ನೋಡ್ರಿ ಮತ್ತ.”

“ಎಲ್ಲಿಗೆ ಹೋಗ್ಲಿ?” ಎಂದ ಶಶಿಕಾಂತ. “ಸುತ್ತ ನೀರೈತಿ.”